ಬೀಡಿ ಸೇದದ ಧನಕಲಾಳ ಉಸಿರು

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ತಮ್ಮ ಕಚೇರಿಯ ಫಾರಂ ಪ್ರಕಾರ ಸಂಪೂರ್ಣ ಆರೋಗ್ಯವಂತೆಯಾಗಿದ್ದ ನನ್ನ ಓರಗಿತ್ತಿ ಧನಕಲಾ ಕಳೆದ ಫಾಲ್ಗುಣದಲ್ಲಿ ಉಸಿರು ಸಿಗದೆ ತೀರಿಕೊಂಡಳು. ಊರಿನ ಸ್ವಯಂಸೇವಕಿಯಾಗಿ ಆ ಫಾರಂ ತುಂಬಿದವಳು ನಾನೇ. ಹಾಗಾಗಿ ಈ ಪತ್ರದ ಬೈಗುಳದಲ್ಲಿ ಅರ್ಧ ನನ್ನ ಪಾಲಿನದು. ಉಳಿದರ್ಧವನ್ನು ತಾವು ದಯಮಾಡಿ ಸ್ವೀಕರಿಸಬೇಕು.

ಎದೆರೋಗವನ್ನು ಬೇಗ ಪತ್ತೆಹಚ್ಚುವ ಯೋಜನೆ ಎಂದು ತಾವು ಕಳಿಸಿದ ಫಾರಂನ ಮೊದಲ ಪ್ರಶ್ನೆ: ‘ಬೀಡಿ, ಸಿಗರೇಟು ಸೇದುತ್ತೀರಾ?’ ಇಲ್ಲ ಎಂದರೆ ಮುಂದಿನ ಪ್ರಶ್ನೆಗಳನ್ನೆಲ್ಲ ಬಿಟ್ಟು, ‘ರೋಗಲಕ್ಷಣವಿಲ್ಲ’ ಎಂದು ಬರೆದು ಸಹಿ ಹಾಕಬೇಕು. ಎಷ್ಟು ಸಲೀಸು! ನೇಪಾಳದ ಈ ಬೆಟ್ಟಗಳಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಹಸಿ ಸೌದೆಯ ಮುಂದೆ ದಿನಕ್ಕೆರಡು ಹೊತ್ತು ಕೂರುವವಳ ಎದೆ ಸುಡಲು ಬೀಡಿಯೇ ಬೇಕೆಂದು ತಮಗೆ ಯಾರು ಹೇಳಿದರು?

ಧನಕಲಾಳನ್ನು ನಾನು ದಿದಿ, ಅಂದರೆ ಅಕ್ಕ, ಎನ್ನುತ್ತಿದ್ದೆ; ಹದಿನಾರಕ್ಕೇ ಆ ಒಲೆಯ ಮುಂದೆ ಕೂತವಳು. ನಲವತ್ತೈದರ ಹೊತ್ತಿಗೆ ನೀರು ಹೊತ್ತು ಬರುವಾಗ ಎರಡು ಕಡೆ ನಿಲ್ಲುತ್ತಿದ್ದಳು.

“ಏನು ದಿದಿ, ದಾರಿ ಉದ್ದ ಆಯ್ತಾ?” ಎಂದು ನಾನು ಚುಡಾಯಿಸುತ್ತಿದ್ದೆ.

“ನಿಂಗೂ ವಯಸ್ಸಾಗ್ಲಿ ಕಣೇ, ಗೊತ್ತಾಗತ್ತೆ.”

ಆರೋಗ್ಯ ಚೌಕಿಯಲ್ಲಿ ಎರಡು ಸಲ ಕಫ ಪರೀಕ್ಷಿಸಿ, “ಕ್ಷಯ ಇಲ್ಲ, ಖುಷಿಯಾಗಿರಿ” ಎಂದು ಸಿರಪ್ ಕೊಟ್ಟರು. ನಾವು ಖುಷಿಯಾಗಿಯೇ ಇದ್ದೆವು. ಅವಳು ಕೆಮ್ಮುತ್ತ ಕಾಸಿಕೊಟ್ಟ ಚಹಾ ಕುಡಿಯುತ್ತಲೇ ನಾನು ಮೂರು ವರ್ಷ ಅವಳ ಫಾರಂನಲ್ಲಿ ‘ಇಲ್ಲ’ ಎಂದು ಗೀಚಿದೆ.

ಕೊನೆಗೆ ಕಾಲು ಬಾತಾಗ ಭಾವ ಅವಳನ್ನು ಡೋಕೋ ಬುಟ್ಟಿಯಲ್ಲಿ ಕೂರಿಸಿ, ಬೆನ್ನ ಮೇಲೆ ಹೊತ್ತು ಒಂದೂವರೆ ದಿನ ಬೆಟ್ಟ ಇಳಿದರು. ನಾನೂ ಜೊತೆಗಿದ್ದೆ. ಜಿಲ್ಲಾಸ್ಪತ್ರೆಯ ಡಾಕ್ಟರು ಉಸಿರು ಅಳೆಯುವ ಯಂತ್ರದ ಕೊಳವೆ ಕೊಟ್ಟು, “ಜೋರಾಗಿ ಊದಿ ಅಮ್ಮಾ” ಎಂದರು.

“ಜೀವನ ಪೂರ್ತಿ ಒಲೆ ಊದಿದೀನಪ್ಪಾ, ಇದ್ಯಾವ ಲೆಕ್ಕ?” ಎಂದು ದಿದಿ ನಕ್ಕು ಊದಿದಳು. ಪರದೆಯ ಮೇಲಿನ ಗೆರೆ ಏಳಲಿಲ್ಲ. ಮೂರನೇ ಸಲ ಊದುವಾಗ ಅವಳು ನಗುತ್ತಿರಲಿಲ್ಲ.

“ಐದು ವರ್ಷ ಮೊದ್ಲೇ ಯಾಕ್ರೀ ಕರ್ಕೊಂಡ್ ಬರ್ಲಿಲ್ಲ?” ಡಾಕ್ಟರು ನನ್ನನ್ನು ಗದರಿದರು.

“ನಿಮ್ ಫಾರಂ ಪ್ರಕಾರ ಇವ್ರಿಗೆ ಏನೂ ಆಗಿರ್ಲಿಲ್ಲ ಸಾರ್.”

ಅವರು ತಲೆ ತಗ್ಗಿಸಿದರು. ತಗ್ಗಬೇಕಾದ ತಲೆ ಅವರದಾಗಿರಲಿಲ್ಲ.

ಆ ಯಂತ್ರ ಬಂದು ಆಗಲೇ ನಾಲ್ಕು ವರ್ಷವಾಗಿತ್ತಂತೆ. ವರ್ಷಕ್ಕೊಮ್ಮೆಯಾದರೂ ಮೇಲಿನ ಹಳ್ಳಿಗಳಿಗೆ ಕಳಿಸಿ ಎಂದು ಆಮೇಲೆ ನಾನು ಬರೆದಿದ್ದಕ್ಕೆ ತಮ್ಮ ಉತ್ತರ: ‘ಯಂತ್ರ ಸೂಕ್ಷ್ಮವಾದದ್ದು, ದಾರಿ ದುರ್ಗಮ.’ ನಿಜ. ಅದೇ ದಾರಿಯಲ್ಲಿ ಬುಟ್ಟಿಯೊಳಗೆ ಕುಲುಕುತ್ತ ಇಳಿದ ಹೆಂಗಸನ್ನು ಯಾವ ಕಬ್ಬಿಣದಲ್ಲಿ ಮಾಡಿದ್ದರು, ತಿಳಿಸುವಿರಾ?

ಈಗ ಆ ಒಲೆಯ ಮುಂದೆ ಅವಳ ಸೊಸೆ ಸುನಕೇಶಾ ಕೂರುತ್ತಾಳೆ. ಇಪ್ಪತ್ತೆರಡು ವರ್ಷ. ಬೆಳಗಿನ ಕೆಮ್ಮು ಶುರುವಾಗಿದೆ. ಕೇಳಿದರೆ, “ಏನಿಲ್ಲ ಚಿಕ್ಕತ್ತೆ, ಹೊಗೆಗೆ” ಎನ್ನುತ್ತಾಳೆ. ಹೊಗೆಗೇ ಎಂದು ಅವಳಿಗೂ ಗೊತ್ತಿದೆ, ಗೊತ್ತಿಲ್ಲದವರು ತಾವೊಬ್ಬರೇ.

ಒಲೆಯ ಮುಂದೆ ಎಷ್ಟು ವರ್ಷ ಕೂತಿದ್ದೀರಿ, ಏರು ಹತ್ತುವಾಗ ಎಲ್ಲೆಲ್ಲಿ ನಿಲ್ಲುತ್ತೀರಿ ಎಂದು ತಮ್ಮ ಫಾರಂ ಕೇಳಬೇಕು. ಅಲ್ಲಿಯವರೆಗೆ ನಾನು ಒಂದಕ್ಕೂ ಸಹಿ ಹಾಕುವುದಿಲ್ಲ. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಯಂತ್ರ ಮೇಲೆ ಬರಬೇಕು. ಹೊರುವವರಿಲ್ಲ ಎನ್ನಬೇಡಿ. ಬರುವ ಮಂಗಳವಾರ ಬೆಳಗ್ಗೆ ತಮ್ಮ ಕಚೇರಿಯ ಬಾಗಿಲಲ್ಲಿ ಡೋಕೋ ಮತ್ತು ಯಂತ್ರಕ್ಕೆ ಸುತ್ತಲು ಕಂಬಳಿ ಸಮೇತ ಕೂತಿರುತ್ತೇನೆ.

ಇಂತಿ,
ಸದ್ಯಕ್ಕೆ ಉಸಿರಾಡುತ್ತಿರುವ,
ವಿಷ್ಣುಕಲಾ ರೋಕಾಯ
ಆರೋಗ್ಯ ಸ್ವಯಂಸೇವಕಿ