ಬಾಣಂತಿ ಅರಿಷ್ಟಕ್ಕೆ ಎಳನೀರು ಬೆರೆಸಿದ್ದು

ತಿಪಟೂರು
೧೮-೪-೧೯೮೪

ಪ್ರೀತಿಯ ಹೊಂಬಾಳೆ,

ಯುಗಾದಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ. ಕೋಪವಿದ್ದರೆ ತುಸು ತಡೆದುಕೋ. ಇಲ್ಲಿ ನನ್ನ ಮೇಲೆ ಕೋಪಿಸಿಕೊಂಡವರ ಸಾಲು ಉದ್ದವಿದೆ, ನಿನ್ನ ಸರದಿ ಬರಲು ಹೊತ್ತಾಗುತ್ತದೆ. ಹಾಸ್ಟೆಲ್ಲಿನಲ್ಲಿ ಕಾಫಿಗೂ ಹೆದರುತ್ತಿದ್ದ ನಿನ್ನ ಗೆಳತಿ ಈಗ ಊರಿಗೇ ಕುಡಿಸಿದವಳು!

ಭಾನುವಾರ ಭಾವ ತೋಂಟದಾರ್ಯನವರ ಮಗಳ ಸೀಮಂತವಿತ್ತು. ಅವಳ ಬಾಣಂತನಕ್ಕೆಂದು ಒಂದು ಜಾಡಿ ದಶಮೂಲಾರಿಷ್ಟ ಒಯ್ದಿದ್ದೆ. ಹುದುಗಿಸಿದ ಮದ್ದು, ತುಸು ಅಮಲೂ ಇರುತ್ತದೆ. ಓರಗಿತ್ತಿ ಸಿದ್ದಗಂಗಮ್ಮ ನನ್ನನ್ನು ಹಿತ್ತಿಲಿಗೆ ಕರೆದು, ಮಡಿಲು ತುಂಬಲು ಮಕ್ಕಳೊಂದಿಗರಿದ್ದಾರೆ, ನೀನು ಪಾನಕ ನೋಡಿಕೋ ಎಂದರು. ಜಾಡಿಯನ್ನೂ ಹಿಂದಕ್ಕೆ ತಳ್ಳಿದರು.

"ನಿನ್ ಕೈದು ಬ್ಯಾಡ ಕಣೇ. ಬೇಜಾರು ಮಾಡ್ಕಬ್ಯಾಡ."

ಬೇಜಾರು ಮಾಡಿಕೊಳ್ಳಲಿಲ್ಲ, ಪಾನಕ ಮಾಡಿದೆ. ಕೊಳಗಕ್ಕೆ ಎಳನೀರು ಬಗ್ಗಿಸಿ, ನಿಂಬೆ ಹಿಂಡಿ, ಶುಂಠಿ ಜಜ್ಜಿ ಹಾಕಿ, ಮೇಲೆ ಜಾಡಿಯನ್ನೇ ಬೋರಲು ಹಾಕಿದೆ. ಇಂಗ್ಲಿಷಿನವರು ಇಂಥ ಬೆರಕೆಯನ್ನು ಕಾಕ್‌ಟೇಲ್, ಕೋಳಿಬಾಲ ಎನ್ನುತ್ತಾರೆ. ನಮ್ಮ ಲಿಂಗವಂತರ ಹಿತ್ತಿಲಿಗೆ ಕೋಳಿಗೆ ಪ್ರವೇಶವಿಲ್ಲ. ತೆಂಗಿನ ಗರಿ ಎಂದಿಟ್ಟುಕೊಳ್ಳೋಣ. ಬಸುರಿ ಹುಡುಗಿಗೆ ಮಾತ್ರ ಬರೀ ಎಳನೀರು ಕಳಿಸಿದೆ.

ಭಾವ ಮೂರು ಲೋಟ ಇಳಿಸಿ, ಜನ್ಮದಲ್ಲಿ ಇಂಥದ್ದು ಕುಡಿದಿಲ್ಲವೆಂದು ಹೊಗಳಿ, ಏನು ಹಾಕಿದ್ದೀಯೆಂದು ಕೇಳಿದರು. ನಡುಮನೆಗೆಲ್ಲ ಕೇಳುವಂತೆ ಹೇಳಿದೆ:

"ಬಾಣಂತಿ ಅರಿಷ್ಟ ಕಣ್ರೀ ಭಾವ. ಮೂರು ಲೋಟ ಆಯ್ತಲ್ಲ, ಇನ್ನು ಕಿವಿಗೆ ಹತ್ತಿ ಇಟ್ಕಂಡು ಬೆಚ್ಚಗೆ ಮಲೀಕಳಿ."

ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ಒಬ್ಬರೂ ಲೋಟ ಕೆಳಗಿಡಲಿಲ್ಲ. ಭಾವ ಹೆಂಡ ಕುಡಿಸಿದಳೆಂದು ಕೂಗಾಡಿ, ಇನ್ನು ಈ ಹೊಸಿಲು ತುಳಿಯಬೇಡ ಎಂದರು. ಅರಿಷ್ಟವೆಂದರೆ ಔಷಧವೂ ಹೌದು, ಅಪಶಕುನವೂ ಹೌದು. ನನ್ನನ್ನು ಎರಡನೆಯ ಅರ್ಥದಲ್ಲಿ ಓದಿದವರಿಗೆ ಮೊದಲನೆಯದನ್ನು ಕುಡಿಸಿದೆ, ಅಷ್ಟೆ.

ನಮ್ಮ ಯಜಮಾನರು ಅಣ್ಣನ ಎದುರು ಎಂದೂ ಬಾಯಿ ತೆರೆದವರಲ್ಲ. ಅವತ್ತು ಎದ್ದು ಬಂದು ಲೋಟ ಚಾಚಿದರು.

"ನಂಗಿನ್ನೊಂದು ಹಾಕೇ ಮೀನಾಕ್ಷಿ."

ಅಣ್ಣನ ಮುಖ ನೋಡುತ್ತಲೇ ನಿಧಾನವಾಗಿ ಕುಡಿದು ಮುಗಿಸಿದರು.

ಕ್ಷಮೆ ಕೇಳಬೇಕೆಂದು ಭಾವ ಈಗ ಹೇಳಿಕಳಿಸಿದ್ದಾರೆ. ಕೇಳುವುದಿಲ್ಲ. ನಿನ್ನ ಮಕ್ಕಳನ್ನು ರಜೆಗೆ ಕರೆದುಕೊಂಡು ಬಾ. ನನ್ನ ಕೈಯಿಂದ ಅವರ ತಲೆ ಸವರಿ ಹರಸಬೇಕು. ನಿನಗೆ ಆ ಭಯವಿಲ್ಲವೆಂದು ಬಲ್ಲೆ.

ಇಂತಿ ನಿನ್ನ,
ಮೀನಾಕ್ಷಿ

ತಾ.ಕ.: ಆ ಅರಿಷ್ಟ ನನ್ನ ಕೈಯದೇ ಅಲ್ಲ. ಆಯುರ್ವೇದ ಪಂಡಿತರಾಗಿದ್ದ ಮಾವನವರು ನನ್ನ ಬಾಣಂತನಕ್ಕೆಂದು ಹಾಕಿಟ್ಟದ್ದು. ಹುಟ್ಟಿದ ಮಗು ಅಳಲಿಲ್ಲ. ಜಾಡಿಯ ಬಾಯಿಬಟ್ಟೆಯನ್ನು ಯಾರೂ ಬಿಚ್ಚಲಿಲ್ಲ. ಹಳತಾದಷ್ಟೂ ಗುಣ ಹೆಚ್ಚೆಂದು ಅವರು ಹೇಳುತ್ತಿದ್ದರು, ಅದಕ್ಕೇ ಆ ಹುಡುಗಿಗೆ ಒಯ್ದಿದ್ದೆ. ನಮ್ಮ ಯಜಮಾನರಿಗೆ ಜಾಡಿಯ ಗುರುತಿತ್ತು. ಈಗ ಅದನ್ನು ತೊಳೆದು ಬಿಸಿಲಿಗಿಟ್ಟಿದ್ದೇನೆ. ನಾಳೆ ಹೊಸದು ಹಾಕುತ್ತೇನೆ, ಯಾರ ಬಾಣಂತನಕ್ಕೂ ಅಲ್ಲ, ನಾವಿಬ್ಬರು ಗಂಡ ಹೆಂಡತಿ ಕುಡಿಯುವುದಕ್ಕೆ.