ಸಂತೆಯಲ್ಲಿ ಕೇಳಿದ ನಿಮ್ಮ ಭಾಷಣ

ಮುಶಿಗೇರಿ
ತಾ. ೫-೬-೧೯೫೯, ಶುಕ್ರವಾರ

ರೋಣದಲ್ಲಿರುವ ನಮ್ಮ ಮನೆಯವರಿಗೆ ಗೌರವ್ವ ಮಾಡುವ ಶರಣು.

ನಾನೂ ಮಗಳು ಮಾಳವ್ವನೂ ಆರಾಮ ಇದ್ದೇವೆ. ಎರಡು ತಿಂಗಳ ಮೇಲೆ ಈ ಕಾಗದ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಅಲ್ಲ, ಅಂಜಬೇಡಿರಿ.

ನಿನ್ನೆ ಇಲ್ಲಿಯ ನೆರೆಮನೆ ಹಸನಬಿಯ ಜೋಡಿ ರೋಣದ ಸಂತೆಗೆ ಬಂದಿದ್ದೆ. ಜೋಳದ ಚೀಲಗಳ ಆಚೆ ಲೌಡ್‌ಸ್ಪೀಕರಿನಲ್ಲಿ ನಿಮ್ಮ ದನಿ ಕೇಳಿ ಕಾಲು ಅಲ್ಲೇ ನಿಂತವು. ನೀವು ಪಂಚಾಯತಿ ಚುನಾವಣೆಗೆ ನಿಂತದ್ದು ಗೊತ್ತಿತ್ತು, ಮಾತಾಡುವುದನ್ನು ಕೇಳಿರಲಿಲ್ಲ. ಸೆರಗು ಮುಂದಕ್ಕೆ ಎಳೆದುಕೊಂಡು ಹೆಣ್ಣುಮಕ್ಕಳ ಹಿಂದೆ ಕುಳಿತೆ.

ಕೇಳಿದ್ದನ್ನು ಕೇಳಿದಂತೆ ಹೇಳುತ್ತೇನೆ. ದನಿ ಚಲೋ ಇತ್ತು. ಹೊಸ ರುಮಾಲೂ ಒಪ್ಪಿತ್ತು. ಆದರೆ ನಮ್ಮ ಓಣಿಯ ಬಾವಿ ನೀವೇ ತೋಡಿಸಿದ್ದೆಂದಿರಿ. ಜನ ಚಪ್ಪಾಳೆ ತಟ್ಟಿದರು, ನಾನು ತಟ್ಟಲಿಲ್ಲ. ಮಲಿಕಸಾಬರೂ ಓಣಿಯವರೂ ಇಡೀ ಬೇಸಿಗೆ ಮಣ್ಣು ಹೊತ್ತರು. ನೀವು ಪೂಜೆಯ ದಿನ ಕಾಯಿ ಒಡೆದಿರಿ. ಆ ಮಲಿಕಸಾಬರು ನಿಮ್ಮ ಎದುರಿಗೇ ನೆಲ ನೋಡುತ್ತ ಕುಳಿತಿದ್ದರು. ಮನೆಮನೆಗೆ ನಳ ಎಂದಿರಿ, ನೀರು ಎಲ್ಲಿಂದ ಬರುತ್ತದೆಂದು ಹೇಳಲಿಲ್ಲ. "ಮಾಡೋಣ, ನೋಡೋಣ" ಎಂದು ಹನ್ನೊಂದು ಸಲ ಅಂದಿರಿ. ಹಸನಬಿ ಬೆರಳು ಮಡಚಿ ಎಣಿಸಿದಳು. ಇಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆವು.

ಆಮೇಲೆ, ಊರಿನ ಒಂದು ಹೆಣ್ಣು ಕೂಸೂ ಸಾಲಿ ತಪ್ಪಬಾರದು ಎಂದಿರಿ. ಅದಕ್ಕೇ ಎಲ್ಲಕ್ಕಿಂತ ಜೋರು ಚಪ್ಪಾಳೆ. ನನಗೆ ಮಾತ್ರ ಎದೆ ಉರಿಯಿತು. ನಾಲ್ಕನೇ ಇಯತ್ತೆ ಪಾಸಾದ ಮಗಳಿಗೆ ಇಷ್ಟು ಸಾಕೆಂದವರು ಯಾರು? ಇಲ್ಲಿಯ ಸಾಲಿಯೂ ನಾಲ್ಕಕ್ಕೇ ಮುಗಿಯುತ್ತದೆ. ಅದು ಗೊತ್ತಿದ್ದೂ ಸಿಟ್ಟಿನ ಭರಕ್ಕೆ ಆಕೆಯನ್ನು ಕರೆದುಕೊಂಡು ತವರಿಗೆ ಬಂದೆ, ಅದು ನನ್ನ ತಪ್ಪು. ಇನ್ನು ಕೇಳಲಾರೆ ಎಂದು ಏಳುತ್ತಿದ್ದೆ.

ಅಷ್ಟರಲ್ಲಿ ಕಾಯಿಪಲ್ಲೆ ಮಾರುವ ಮಾನವ್ವಜ್ಜಿ ಕುಳಿತಲ್ಲಿಂದಲೇ ಕೇಳಿದಳು: "ನಿನ್ನ ಮಗಳು ಸಾಲಿಗೆ ಹೊಕ್ಕಾಳೇನೋ ಶಿವನಪ್ಪಾ?"

ಹೊಕ್ಕಾಳ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಯಾರು ನೋಡಲು ಬರುತ್ತಿದ್ದರು? ನೀವು ಕೈಯಲ್ಲಿದ್ದ ಚೀಟಿ ನೋಡಿದಿರಿ. ಮಡಚಿ ಕಿಸೆಗೆ ಇಟ್ಟಿರಿ. "ಇಲ್ಲಬೇ. ನಾನ ಬಿಡಿಸೀನಿ. ಅದಕ್ಕ ನಮ್ಮ ಮನಿಯಾಕಿ ಸಿಟ್ಟಾಗಿ ತವರಿಗೆ ಹೋಗ್ಯಾಳ. ತಪ್ಪು ನಂದ. ಆಕಿ ಬರಲಿ ಬಿಡಲಿ, ಹುಡುಗಿ ಹೆಸರು ಸಾಲಿಗೆ ಹಚ್ಚತೀನಿ" ಎಂದಿರಿ.

ಜನ ಗೊಳ್ಳೆಂದು ನಕ್ಕರು. ನಿಮ್ಮ ಜೋಡಿ ಕುಳಿತ ಕರೆಪ್ಪ ಭಾವನವರು ಹಣೆ ಹಿಡಿದುಕೊಂಡರು. ಅಷ್ಟು ಮಂದಿಯಲ್ಲಿ ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ. ಹಸನಬಿ ಕೈ ಹಿಡಿದು ಎಳೆದರೂ ಬಿಡಲಿಲ್ಲ. ಕಣ್ಣೀರೂ ಬರುತ್ತಿತ್ತು, ನಗೆಯೂ ಬರುತ್ತಿತ್ತು. ಓಟು ಕಳೆಯುವ ಮಾತೆಂದು ಗೊತ್ತಿದ್ದೂ ಖರೇ ಹೇಳಿದಿರಲ್ಲ, ಆ ಮನುಷ್ಯನನ್ನು ನಾನು ಭಾಳ ದಿನದಿಂದ ನೋಡಿರಲಿಲ್ಲ.

ರವಿವಾರ ಮುಂಜಾನೆಯ ಮೋಟಾರಿಗೆ ಬರುತ್ತೇವೆ. ಸೋಮವಾರ ಸಾಲಿ ಸುರು. ಮಾಳವ್ವ ಪಾಟಿ ತೊಳೆದು ಬಿಸಿಲಿಗೆ ಇಟ್ಟು, ಒಣಗಿತೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ಮತ್ತೆ ಹೊಲಸು ಮಾಡಿದ್ದಾಳೆ. ನಾವು ಬರುವುದರೊಳಗೆ ಮಲಿಕಸಾಬರ ಮನೆಗೆ ಹೋಗಿ ಬಾವಿಯ ಮಾತು ಸರಿಮಾಡಿ ಬನ್ನಿರಿ.

ನಿಮ್ಮ
ಗೌರವ್ವ

ತಾ.ಕ.: ಮನೆಗೆ ಬರುತ್ತೇನೆಂದು ಬರೆದಿದ್ದೇನೆ, ಓಟು ನಿಮಗೇ ಎಂದು ಬರೆದಿಲ್ಲ. ಮಂಗಳವಾರ ನಿಮ್ಮ ಎದುರು ನಿಂತ ಮಾಸ್ತರರ ಭಾಷಣ ಇದೆಯಂತೆ. ಅದನ್ನೂ ಪೂರಾ ಕೇಳುವವಳಿದ್ದೇನೆ. ನೀವೂ ನನ್ನ ಜೋಡಿ ಬರ್ರಿ.