ನಿಮ್ಮ ಕೈಪಿಡಿಯಲ್ಲಿ ಇಲ್ಲದ ಸಾಲು

ಕಾರವಾರ, ಮೇಲಿನ ಕೇರಿ
ಎರಡನೆಯ ಉಬ್ಬರಮಾಸದ ನಲವತ್ತೊಂದನೆಯ ದಿನ, ೨೧೯೩

ವೈಜಯಂತಿ ಹಳದೀಪುರ ಅವರಿಗೆ,

ನಿಮ್ಮನ್ನು ಅಕ್ಕ ಎನ್ನಬೇಕೋ ಮುತ್ತಜ್ಜಿ ಎನ್ನಬೇಕೋ ತಿಳಿಯದು. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಕೈಪಿಡಿ ಬರೆದಾಗ ನಿಮಗೆ ಇಪ್ಪತ್ತಾರು, ನನಗೀಗ ಅರವತ್ತೊಂದು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಮ್ಮ ತಿಂಗಳುಗಳನ್ನೂ ಈಗ ಕಡಲೇ ಅಳೆದುಕೊಡುತ್ತದೆ.

ಗಣಕಕ್ಕೆ ಪೈಥಾನ್ ಭಾಷೆಯ ಚೌಕಟ್ಟನ್ನು ಸ್ಥಾಪಿಸುವ ಬಗೆ ಹೇಳುವ ನಿಮ್ಮ ಹನ್ನೆರಡು ಪುಟಗಳು ನಮ್ಮಲ್ಲಿ ಇನ್ನೂ ಬಳಕೆಯಲ್ಲಿವೆ. ಇಲ್ಲಿ ಸ್ವಂತ ಸರ್ವರ್ ಇಟ್ಟುಕೊಂಡವರಿಲ್ಲ. ಎಲ್ಲವೂ ದೂರದ ಬಾಡಿಗೆ ಗಣಕಗಳಲ್ಲಿ, ನೀವು ಕ್ಲೌಡ್ ಎನ್ನುತ್ತಿದ್ದಲ್ಲಿ, ನಡೆಯುತ್ತದೆ. ಅಲ್ಲಿ ನಮ್ಮ ‘ಕರೆಯಾಳು’ಗಳಿರುತ್ತವೆ: ಕರೆದಾಗ ಎದ್ದು, ಒಂದೇ ಒಂದು ಕೆಲಸ ಮಾಡಿ, ಮತ್ತೆ ಮಲಗುವ ಸಣ್ಣ ಪ್ರೋಗ್ರಾಮುಗಳು. ಒಂದು ಕಡಲ ಮಟ್ಟ ನೋಡುತ್ತದೆ, ಇನ್ನೊಂದು ಸೈರನ್ ಕೂಗಿಸುತ್ತದೆ. ಏಳು ವರ್ಷಕ್ಕೊಮ್ಮೆ ಅವನ್ನು ಹೊಸದಾಗಿ ಹೂಡುತ್ತೇವೆ. ಆ ದಿನ ಕೇರಿಯೆಲ್ಲ ಸೇರುತ್ತದೆ. ಒಬ್ಬರು ನಿಮ್ಮ ಪುಟಗಳನ್ನು ಗಟ್ಟಿಯಾಗಿ ಓದುತ್ತಾರೆ, ಒಬ್ಬರು ಟೈಪ್ ಮಾಡುತ್ತಾರೆ. ಬರೆದದ್ದಕ್ಕಿಂತ ಒಂದಕ್ಷರ ಹೆಚ್ಚು ಮಾಡುವಂತಿಲ್ಲ. ಬುದ್ಧಿವಂತಿಕೆ ತೋರಿಸಲು ಹೋಗಿ ಹಿಂದಿನವರು ಎರಡು ಸಲ ಎಲ್ಲ ಕೆಡಿಸಿದ್ದರು, ಅದಕ್ಕೇ ಈ ಕಟ್ಟುಪಾಡು.

ಈ ಸಲ ಟೈಪ್ ಮಾಡಿದವಳು ನಾನು. ನಮ್ಮ ಗಣಕದಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಪರಿಸರ ತೆರೆದೆ, ಚೌಕಟ್ಟನ್ನು ಇಳಿಸಿಕೊಂಡೆ, ಸೆಟ್ಟಿಂಗ್ ಕಡತ ತುಂಬಿದೆ. ‘ನಿಮ್ಮ ಯಂತ್ರದಲ್ಲೇ ಒಮ್ಮೆ ಕರೆದು ನೋಡಿ’ ಎಂದಿದ್ದಿರಿ. ಕರೆದೆ. ಅಂಗಳದ ಸೈರನ್ ಕೂಗಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ‘ಇನ್ನು ಮೇಲಕ್ಕೆ ಕಳಿಸಿ’ ಎಂದಿತ್ತು, ಬಾಡಿಗೆ ಗಣಕಕ್ಕೆ ಕಳಿಸಿದೆ. ಪುಟ ಅಲ್ಲಿಗೆ ಮುಗಿದಿತ್ತು. ಅಲ್ಲಿದ್ದ ಪೈಥಾನ್ ನಮ್ಮದಕ್ಕಿಂತ ಹಳೆಯ ಆವೃತ್ತಿಯದು, ಅದು ತಿಳಿದದ್ದು ಎಲ್ಲ ಮುಗಿದ ಮೇಲೆ. ನಮ್ಮ ಕರೆಯಾಳುಗಳು ಅಲ್ಲಿ ಏಳಲೇ ಇಲ್ಲ. ಕಳಿಸಿದ ಮೇಲೂ ಒಮ್ಮೆ ಕರೆದು ನೋಡೋಣವೆಂದು ನನ್ನ ಬೆರಳು ಮುಂದಾಗಿತ್ತು, ದೇವರಾಣೆ. ಓದುತ್ತಿದ್ದ ವಿಠೋಬ ಮಾವ, “ಬರ್ದದ್ದು ಅಷ್ಟೇ ಗುಲಾಬಿ, ಕೈ ತೆಗಿ” ಅಂದರು. ತೆಗೆದೆ.

ಹತ್ತೊಂಬತ್ತು ದಿನಗಳ ನಂತರ, ಮಧ್ಯಾಹ್ನ, ಕಡಲು ಏರಿತು. ನನ್ನ ತಮ್ಮ ಉಲ್ಲಾಸ ಕೆಳಗಿನ ದೋಣಿ ಧಕ್ಕೆಯಲ್ಲಿ ಬಲೆ ಸರಿಮಾಡುತ್ತಿದ್ದ. ನೀರಿನ ಬಣ್ಣ ನೋಡಿ ಜೊತೆಯವರು ಎದ್ದು ಹೊರಟರಂತೆ. ಇವನು ಮಾತ್ರ, “ನಮ್ಮಕ್ಕ ಹೂಡಿದ್ದು ಮಾರಾಯಾ, ನೀರು ಬಂದ್ರೆ ಕೂಗ್ತದೆ” ಎಂದು ನಗುತ್ತ ಕೂತನಂತೆ. ಅದು ಕೂಗಲಿಲ್ಲ.

ನಿಮ್ಮ ಮೇಲೆ ಸಿಟ್ಟಿದೆ, ಸುಳ್ಳೇಕೆ ಹೇಳಲಿ. ನನ್ನ ಮೇಲೆ ಅದಕ್ಕಿಂತ ಹೆಚ್ಚು. ಕಳಿಸಿದ ಮೇಲೂ ಕರೆದು ನೋಡಬೇಕೆಂಬುದು ಎಲ್ಲರಿಗೂ ಗೊತ್ತಿರುತ್ತದೆಂದು ನೀವು ಬಿಟ್ಟಿರಬೇಕು. ನಿಮ್ಮ ಕಾಲದವರಿಗೆ ಗೊತ್ತಿತ್ತೇನೋ. ನಮಗೆ ನೀವು ಬರೆದದ್ದಷ್ಟೇ ಗೊತ್ತು, ತಾಯೀ.

ಹನ್ನೆರಡನೆಯ ಪುಟದ ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿಯಿದೆ. ಕೈಮುಗಿದು ಕೇಳುತ್ತೇನೆ, ಅಲ್ಲಿ ಬರೆಯಿರಿ: ‘ಎರಡೂ ಕಡೆಯ ಪೈಥಾನ್ ಆವೃತ್ತಿ ಒಂದೇ ಇರಲಿ, ಮೇಲಕ್ಕೆ ಕಳಿಸಿದ ಮೇಲೆ, ಅಲ್ಲಿರುವುದನ್ನೇ ಒಮ್ಮೆ ಕರೆದು ನೋಡಿ.’ ಏಕೆಂದು ಬರೆಯುವುದು ಬೇಡ. ಆ ಸಾಲಿದ್ದರೆ ಉಲ್ಲಾಸ ಮನೆಗೆ ಬಂದಿರುತ್ತಾನೆ, ನನಗೆ ಈ ಪತ್ರ ಬರೆಯುವ ಕಾರಣವೇ ಇರುವುದಿಲ್ಲ.

ಗುಲಾಬಿ ತಾಂಡೇಲ